ಇಲ್ಲದ ಗದ್ದೆಯ ಅಕ್ಕಿ

ದಯಾಮಣಿ ಅಕ್ಕಿ ತೊಳೆಯುವ ಮೊದಲು ಅದರಲ್ಲಿ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಹಾಕುವಾಗ ಕಣ್ಣು ಮುಚ್ಚುತ್ತಿರಲಿಲ್ಲ, ತುಟಿ ಅಲ್ಲಾಡಿಸುತ್ತಿರಲಿಲ್ಲ. ಕಾದ ಎಣ್ಣೆಗೆ ಸಾಸಿವೆ ಬೀಳುವಷ್ಟೇ ಸಲೀಸಾಗಿ ಆ ಹಿಡಿ ಡಬ್ಬಿಗೆ ಬೀಳುತ್ತಿತ್ತು. ಮನೆಯಲ್ಲಿ ಅಕ್ಕಿ ತುಂಬಿರಲಿ, ತಳ ಕಾಣುತ್ತಿರಲಿ, ಮೊದಲ ಹಿಡಿ ಅಲ್ಲಿಗೇ. ತಳ ಕಾಣುವ ದಿನ ಹಿಡಿ ಸ್ವಲ್ಪ ಸಣ್ಣದಾಗುತ್ತಿತ್ತು, ಅಷ್ಟೇ.

ತಿಂಗಳ ಮೊದಲ ಭಾನುವಾರ ಆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಚರ್ಚಿಗೆ ಹೋಗುವುದು. ಆರಾಧನೆ ಮುಗಿದ ಮೇಲೆ ಹಿಂದೆ ಪಾದ್ರಿ ಅಯ್ಯನವರು ನಿಲುವಂಗಿ ಹಾಕಿಕೊಳ್ಳುವ ವೆಸ್ಟ್ರಿ ರೂಮಿನಲ್ಲಿದ್ದ ತಗಡಿನ ಡ್ರಮ್ಮಿಗೆ ಸುರಿದು ಬರುವುದು. ಸಭೆಯ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು. ಹಿಡಿ ಅಕ್ಕಿ ಅಂತಲೇ ಅದಕ್ಕೆ ಹೆಸರು. ಮುಂದಿನ ಶನಿವಾರ ಆ ಅಕ್ಕಿಯನ್ನು ಇಲ್ಲದವರಿಗೆ ಅಳೆದು ಕೊಡುತ್ತಿದ್ದರು. ಡ್ರಮ್ಮಿಗೆ ಒಂದು ಬೀಗ. ಬೀಗದ ಕೈ ದಯಾಮಣಿಯ ಸೊಂಟದಲ್ಲಿ. ಸ್ತ್ರೀಯರ ಸಂಘದಲ್ಲಿ ಅವಳಿಗೆ ಬೇರೆ ಯಾವ ಹುದ್ದೆಯೂ ಇರಲಿಲ್ಲ. ಭಾಷಣ ಮಾಡಲು ಬರುತ್ತಿರಲಿಲ್ಲ, ಕೀರ್ತನೆ ಹಾಡಿದರೆ ಪಕ್ಕದವರ ರಾಗವೂ ತಪ್ಪುತ್ತಿತ್ತು. ಬೀಗ ಹಾಕಿ ತೆಗೆಯುವುದಕ್ಕೆ ರಾಗ ಬೇಕಿರಲಿಲ್ಲ.

ಅವಳ ಮನೆ ಚಾಮರಾಜಪೇಟೆಯ ಒಂದು ವಠಾರದಲ್ಲಿತ್ತು. ಆರು ಮನೆ, ನಡುವೆ ಒಂದು ನಲ್ಲಿ. ಗಂಡ ಸತ್ಯಪಾಲ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಅಚ್ಚಿನ ಕೆಲಸ ಮಾಡುತ್ತಿದ್ದ. ಅಚ್ಚು ಕೆಟ್ಟ ಕಾರ್ಡುಗಳನ್ನು ಮನೆಗೆ ತರುತ್ತಿದ್ದ. ಅಡಿಗೆಮನೆ ಕಿಟಕಿಯ ಒಡೆದ ಗಾಜಿಗೆ ಅಂಥದ್ದೇ ಒಂದು ಗಣಪತಿಯ ಕಾರ್ಡು ಅಂಟಿಸಿದ್ದ. ಮನೆ ಭೇಟಿಗೆ ಬಂದ ಅಯ್ಯನವರು ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಎದುರಿಗೇ ಗಣಪತಿ. "ಗಾಳಿ ತಡೀತಾನಲ್ಲ, ಇರ್ಲಿ ಬಿಡಿ," ಅಂದಿದ್ದರು.

ಎದುರು ಮನೆ ದ್ರೌಪದಮ್ಮನದು. ಅವಳೂ ಗಂಡ ಮುನಿನಾರಾಯಣಪ್ಪನೂ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದರು. ಬೆಳಗಾಗುವ ಮುಂಚೆ ಅವನು ಮಾರ್ಕೆಟ್ಟಿಗೆ ಹೋಗಿ ಮಾಲು ತರುವುದು, ಬಿಸಿಲೇರುವ ತನಕ ಇಬ್ಬರೂ ರಸ್ತೆ ರಸ್ತೆ ಸುತ್ತುವುದು. ಅವನು ತೂಗಿದರೆ ತಕ್ಕಡಿಯ ಮುಳ್ಳು ಅಲ್ಲಾಡದೆ ನಿಲ್ಲಬೇಕು. ಆಮೇಲೆ ಅವಳ ಕೈ. ಎರಡು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ ಚೀಲದ ಮೇಲೆ ಬಂದು ಕೂರುತ್ತಿತ್ತು. ಅದು ಕೊಸರು. ಬೇರೆ ಗಾಡಿಯವರ ಹತ್ತಿರ ಜನ ಜಗಳ ಆಡಿ ಕೊಸರು ಕೇಳುತ್ತಿದ್ದರು. ದ್ರೌಪದಮ್ಮ ಕೇಳದವರಿಗೂ ಕೊಡುತ್ತಿದ್ದಳು.

"ತೂಕ ಅವರ ದುಡ್ಡಿಗೆ. ಕೊಸರು ನನ್ನ ಮರ್ಯಾದೆಗೆ," ಅನ್ನುತ್ತಿದ್ದಳು.

ಚರ್ಚಿನ ಸುಗ್ಗಿ ಹಬ್ಬಕ್ಕೆ ಪ್ರತಿ ವರ್ಷ ದಯಾಮಣಿಯ ಕೈಲಿ ಒಂದು ದೊಡ್ಡ ಕುಂಬಳಕಾಯಿ ಹೊರಿಸಿ ಕಳಿಸುತ್ತಿದ್ದವಳೂ ಅವಳೇ. ಹಬ್ಬದ ದಿನ ಅದನ್ನೆಲ್ಲ ಹರಾಜು ಹಾಕುತ್ತಾರೆ ಅಂತ ಅವಳಿಗೆ ಗೊತ್ತು. ಸಂಜೆ ಬಾಗಿಲಲ್ಲೇ ಕಾಯುತ್ತಿದ್ದಳು. "ನಮ್ಮ ಕಾಯಿ ಯಾರು ಹಿಡಿದ್ರೇ? ಬ್ಯಾಂಕಿನೋರಾ? ಅವರು ಹೋದ್ಸಲಾನೂ ಹಿಡಿದಿದ್ರಲ್ಲ, ರುಚಿ ಹತ್ತಿರಬೇಕು!"

ತೊಂಬತ್ತೇಳರ ಬೇಸಿಗೆಗೆ ಮುಂಚೆ ಮಕ್ಕಳ ಕೂಟದ ಸರ್ಕಲ್ ಹತ್ತಿರ ಒಂದು ಆಟೋ ಹಿಂದಿನಿಂದ ಬಂದು ಮುನಿನಾರಾಯಣಪ್ಪನನ್ನು ಕೆಡವಿತು. ತೊಡೆಯ ಮೂಳೆ ಮುರಿಯಿತು. ಗಾಡಿಯೂ ಮುರಿಯಿತು. ಟೊಮ್ಯಾಟೊ ರಸ್ತೆ ತುಂಬ ಹರಡಿ, ದೂರದಿಂದ ನೋಡಿದವರು ಮನುಷ್ಯ ಸತ್ತೇ ಹೋದ ಅಂದುಕೊಂಡಿದ್ದರಂತೆ. ದೊಡ್ಡಾಸ್ಪತ್ರೆಯಲ್ಲಿ ಮೂಳೆ ಕೂಡಿಸಿ, ಸೊಂಟದಿಂದ ಪಾದದ ತನಕ ಸಿಮೆಂಟು ಪಟ್ಟಿ ಹಾಕಿ, ಚೆನ್ನಾಗಿ ತಿನ್ನಿಸಿ, ಅಲ್ಲಾಡಿಸಬೇಡಿ ಅಂತ ಹೇಳಿ ಮನೆಗೆ ಕಳಿಸಿದರು. ಎರಡನೆಯದನ್ನು ಪಾಲಿಸುವುದು ಸುಲಭವಿತ್ತು.

ಮಾಲು ತರುವವನು ಮಂಚದ ಮೇಲಿದ್ದ. ಅವನನ್ನು ಎತ್ತಿ ಕೂರಿಸಿ, ತೊಳೆದು ಒರೆಸುವುದರಲ್ಲೇ ದ್ರೌಪದಮ್ಮನ ಹೊತ್ತು ಹೋಗುತ್ತಿತ್ತು. ಒಬ್ಬಳೇ ಮಗಳು ರಮ್ಯಾ ಹೊಸಕೋಟೆಯಲ್ಲಿ ತುಂಬು ಬಸುರಿ. ಅವಳಿಗೆ ಅಪ್ಪನಿಗೆ ಸ್ವಲ್ಪ ಪೆಟ್ಟಾಗಿದೆ ಅಂತಷ್ಟೇ ಹೇಳಿದ್ದರು.

ದ್ರೌಪದಮ್ಮ ಯಾರ ಮುಂದೆಯೂ ಏನನ್ನೂ ಹೇಳಿಕೊಳ್ಳಲಿಲ್ಲ. ದಯಾಮಣಿಗೆ ತಿಳಿದದ್ದು ಕರಿಬೇವಿನ ಗಿಡದಿಂದ. ಆ ಮನೆಯ ಬಾಗಿಲ ಪಕ್ಕ ಒಂದು ಎಣ್ಣೆ ಡಬ್ಬದಲ್ಲಿ ಕರಿಬೇವು ಬೆಳೆದಿತ್ತು. ದ್ರೌಪದಮ್ಮ ದಿನಾ ಅಕ್ಕಿ ತೊಳೆದ ನೀರನ್ನು ಅದಕ್ಕೆ ಸುರಿಯುತ್ತಿದ್ದಳು. ಡಬ್ಬದ ತೂತಿನಿಂದ ಬೆಳ್ಳಗೆ ನೀರು ಇಳಿದು ಕಲ್ಲುಚಪ್ಪಡಿಯ ಮೇಲೆ ಗೆರೆ ಎಳೆಯುತ್ತಿತ್ತು. ಆ ಗೆರೆ ಒಂದು ದಿನ ಕಾಣಲಿಲ್ಲ. ಮಾರನೇ ದಿನವೂ ಕಾಣಲಿಲ್ಲ. ವಾರ ಕಳೆದರೂ ಚಪ್ಪಡಿ ಒಣಗಿಕೊಂಡೇ ಇತ್ತು. ಒಳಗಿಂದ ರಾಗಿ ಗಂಜಿಯ ವಾಸನೆ ಬರುತ್ತಿತ್ತು. ಒಗ್ಗರಣೆಯ ಸದ್ದಿಲ್ಲ.

"ಅಕ್ಕ, ಊಟ ಆಯ್ತಾ?" ಅಂತ ನಲ್ಲಿಯ ಹತ್ತಿರ ಕೇಳಿದಳು.

"ಆಯ್ತಲ್ಲ. ನಿಂದು?"

"ಏನು ಮಾಡಿದ್ರಿ?"

"ಏನೇ ಇದು, ಪೊಲೀಸ್ನೋರ ಥರ? ಮುದ್ದೆ, ಸಾರು. ಬಿಡು ದಾರಿ, ಕೊಡ ತುಂಬ್ತು."

ಮುನಿನಾರಾಯಣಪ್ಪ ಮಾತ್ರ ಮಂಚದ ಮೇಲಿಂದ ನಗುತ್ತಿದ್ದ. ಪಟ್ಟಿ ಹಾಕಿದ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು, "ಬಾ ತಾಯಿ ದಯಾಮಣಿ. ನಿಮ್ಮ ಸ್ವಾಮಿಗೆ ಕೈಕಾಲೆಲ್ಲ ಸೇರಿಸಿ ಮೊಳೆ ಹೊಡೆದ್ರು. ನಂದು ಒಂದೇ ಕಾಲು, ಅದಕ್ಕೇ ದೇವರಾಗಲಿಲ್ಲ," ಅನ್ನುತ್ತಿದ್ದ. ಅವನ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಗೋಡೆಯ ಮೇಲೆ ಕರಗದ ಮೆರವಣಿಗೆಯಲ್ಲಿ ವೀರಕುಮಾರನಾಗಿ ಅವನು ಹಿಡಿಯುವ ಕತ್ತಿ ತೂಗುಬಿದ್ದಿತ್ತು. ಈಗ ಆ ಕೈಗೆ ಲೋಟ ಹಿಡಿಯುವುದೇ ಭಾರವಾದ ಹಾಗಿತ್ತು.

ದಯಾಮಣಿ ಸ್ತ್ರೀಯರ ಸಂಘದ ಅಧ್ಯಕ್ಷೆ ಪ್ರೇಮಲೀಲಾ ಟೀಚರ್ ಹತ್ತಿರ ಹೋದಳು. ಟೀಚರ್ ಮಂಗಳೂರು ಕಡೆಯವರು. ಹೆಡ್‌ಮಿಸ್ಟ್ರೆಸ್ ಆಗಿ ರಿಟೈರಾದರೂ ಎದುರಿಗೆ ಯಾರೇ ಬಂದರೂ ಅವರು ಹೋಮ್‌ವರ್ಕ್ ಮಾಡಿಲ್ಲ ಅನ್ನುವ ಹಾಗೆ ನೋಡುವುದು ಬಿಟ್ಟಿರಲಿಲ್ಲ.

"ನಮ್ಮ ಸಭೆಯವರಾ?"

"ಅಲ್ಲ ಟೀಚರ್. ಕುಂಬಳಕಾಯಿ ಕಳಿಸ್ತಾರಲ್ಲ, ಅವರು."

"ಓ, ಅವರಾ!" ಟೀಚರ್ ಮುಖ ಸ್ವಲ್ಪ ಸಡಿಲವಾಯಿತು. "ಕೊಡಬಾರದು ಅಂತ ಎಲ್ಲೂ ಇಲ್ಲ ದಯಾಮಣಿ. ಶನಿವಾರ ಬರಲಿ. ಎಲ್ಲರ ಜೊತೆ ಬೆಂಚಿನ ಮೇಲೆ ಕೂತ್ಕೊಳ್ಳಲಿ. ಪ್ರಾರ್ಥನೆ ಆಗುತ್ತೆ, ಹೆಸರು ಕರೀತೀವಿ, ತಗೊಂಡು ಹೋಗಲಿ."

"ಅವರು ಬರಲ್ಲ ಟೀಚರ್."

"ಯಾಕೆ?"

"ಅವರು ಯಾವತ್ತೂ ಕೊಟ್ಟೋರು."

"ಮತ್ತೆ ನಾವು ಹೊತ್ಕೊಂಡು ಹೋಗಿ ಬಾಗಿಲಿಗೆ ಹಾಕೋಕೆ ಇದೇನು ಪೋಸ್ಟಾಫೀಸಾ? ಒಬ್ಬರಿಗೆ ಹಾಗೆ ಮಾಡಿದ್ರೆ ಎಲ್ಲರೂ ಮನೇಲೇ ಕೂತ್ಕೊಳ್ತಾರೆ."

ದಯಾಮಣಿ ತಲೆ ತಗ್ಗಿಸಿಕೊಂಡು ಬಾಗಿಲ ತನಕ ಬಂದಳು. ಹಿಂದಿನಿಂದ ಟೀಚರ್ ಧ್ವನಿ ಬಂತು. "ಡ್ರಮ್ಮಿನ ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರಾನೇ."

"ಹ್ಞೂಂ. ನನ್ನ ಹತ್ರ ಇಲ್ಲವಲ್ಲ, ನನಗೇನು ಗೊತ್ತಾಗುತ್ತೆ? ಹೋಗು."

ಅಂದು ಸಂಜೆ ದಯಾಮಣಿ ಡ್ರಮ್ಮಿನಿಂದ ಒಂದು ಬಟ್ಟೆ ಚೀಲ ತುಂಬಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಏನು ಹೇಳುವುದು ಅಂತ ಯೋಚಿಸಿದಳು. ಚರ್ಚಿನದು ಅಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ತನ್ನ ಮನೆಯದು ಅಂದರೆ, ನಿನಗೇ ತಳ ಕಾಣ್ತಿದೆ ಅನ್ನುತ್ತಾಳೆ. ವಠಾರದಲ್ಲಿ ಯಾರ ಮನೆಯ ತಳ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಮೂಲೆಯಲ್ಲಿ ದಿನಸಿ ಅಂಗಡಿ ಶೀನಣ್ಣ ಕುತ್ತಿಗೆ ಉದ್ದ ಮಾಡಿ, ಚರ್ಚಿನ ಕಡೆಯಿಂದ ಬರುತ್ತಿದ್ದ ಅವಳ ಚೀಲ ನೋಡಿದ. ಅವಳು ಬೇಗ ಬೇಗ ಹೆಜ್ಜೆ ಹಾಕಿದಳು.

ವಠಾರಕ್ಕೆ ಬಂದರೆ ಕರೆಂಟು ಹೋಗಿತ್ತು. ಕತ್ತಲಲ್ಲಿ ಸುಳ್ಳು ಹೇಳುವುದು ಸುಲಭ.

"ಅಕ್ಕ, ನಮ್ಮ ಮನೆಯವರ ಅಣ್ಣ ಗುಬ್ಬಿಯಿಂದ ಬಂದಿದ್ರು. ಅವರದೇ ಗದ್ದೆ. ಈ ಸಲ ಚೆನ್ನಾಗಿ ಬೆಳೀತಂತೆ. ಎರಡು ಚೀಲ ಹಾಕಿ ಹೋದ್ರು. ನಮ್ಮಿಬ್ಬರಿಗೆ ಎಷ್ಟು ಬೇಕು, ಹುಳ ಬೀಳುತ್ತೆ. ಒಂಚೂರು ಇಟ್ಕೊಳ್ಳಿ."

ದ್ರೌಪದಮ್ಮ ಚೀಲ ಕೈಗೆ ತಗೊಂಡು ಭಾರ ನೋಡಿದಳು. ತೂಕದವಳ ಕೈ. "ಹೊಸ ಅಕ್ಕಿನಾ?" ಅಂದಳು.

"ಹೊಸದೇ."

"ಹೊಸ ಅಕ್ಕಿ ಅಂದ್ರೆ ಇವರಿಗೆ ಪ್ರಾಣ," ಅಂದು ಒಳಗೆ ಹೋದಳು. ಬುಡ್ಡಿ ದೀಪದ ಬೆಳಕಿನಲ್ಲಿ ಪಾತ್ರೆಯ ಸದ್ದು ಕೇಳಿತು. ದಯಾಮಣಿ ತನ್ನ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ನೀರು ಚೆಲ್ಲಿದ ಸದ್ದು, ಆಮೇಲೆ ಕರಿಬೇವಿನ ಡಬ್ಬಕ್ಕೆ ನೀರು ಬಿದ್ದ ಸದ್ದು. ಅವಳಿಗೆ ಅಷ್ಟು ಸಾಕಾಗಿತ್ತು. ಒಳಗೆ ಹೋಗಿ ಗಂಡನಿಗೆ ಎರಡನೇ ಸಲ ಸಾರು ಬಡಿಸಿದಳು.

ಬೆಳಗ್ಗೆ ದ್ರೌಪದಮ್ಮ ಬಂದಳು. ಒಂದು ಕೈಲಿ ಮೊರ, ಇನ್ನೊಂದು ಕೈಲಿ ತಟ್ಟೆ. ತಟ್ಟೆಯಲ್ಲಿ ರಾತ್ರಿಯ ಅನ್ನ.

"ತಿನ್ನು," ಅಂದಳು.

ದಯಾಮಣಿ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಅಗಿದಳು.

"ಹೆಂಗಿದೆ?"

"ಚೆನ್ನಾಗಿದೆಯಲ್ಲ ಅಕ್ಕ."

ದ್ರೌಪದಮ್ಮ ಅವಳ ಮುಖವನ್ನೇ ನೋಡಿದಳು. "ಚೆನ್ನಾಗಿದೆಯಾ? ಅರ್ಧ ಗಂಜಿ, ಅರ್ಧ ಕಲ್ಲು. ಬೇಯೋದು ಬೆಂದು ಕರಗಿಹೋಯ್ತು, ಬೇಯದ್ದು ಹಂಗೇ ಕೂತಿದೆ. ಮಲಗಿರೋ ಮನುಷ್ಯ ಒಂದು ತುತ್ತು ನುಂಗಿ ಕೆಮ್ಮಿ ಕೆಮ್ಮಿ ಸಾಯೋ ಹಂಗಾದ. ಬಾ ಇಲ್ಲಿ, ಬೆಳಕಿಗೆ ಬಾ."

ಮೊರವನ್ನು ಬಾಗಿಲ ಬಿಸಿಲಿಗೆ ಹಿಡಿದಳು. ಅದರಲ್ಲಿ ಅಕ್ಕಿಯನ್ನು ಆರಿಸಿ ನಾಲ್ಕು ಸಣ್ಣ ಗುಡ್ಡೆ ಮಾಡಿದ್ದಳು.

"ಇದು ಕುಚ್ಚಲಕ್ಕಿ, ಕೆಂಪಗಿದೆ ನೋಡು. ಇದು ಸೋನಾ ಮಸೂರಿ. ಇದು ದಪ್ಪ, ಇಡ್ಲಿಗೆ ಹಾಕೋದು. ಇದಂತೂ ರೇಷನ್ ಅಕ್ಕಿ, ಮೂಗಿಗಿಟ್ಟರೆ ಗೋಡೌನ್ ವಾಸನೆ. ನಿಮ್ಮ ಭಾವ ಅದೆಂಥ ರೈತನೇ ದಯಾ? ಒಂದೇ ಗದ್ದೇಲಿ ನಾಲ್ಕು ಥರ ಬೆಳೀತಾನೆ! ಅದ್ರಲ್ಲೂ ರೇಷನ್ ಅಕ್ಕಿ ಬಿತ್ತಿದ್ದಾನೆ!"

ದಯಾಮಣಿ ಬಗ್ಗಿ ಒಂದು ಗುಡ್ಡೆಯನ್ನು ಬೆರಳಿಂದ ಮುಟ್ಟಿ ನೋಡಿದಳು.

"ಇಂಥ ಅಕ್ಕಿ ನಾನು ಒಂದೇ ಕಡೆ ನೋಡಿರೋದು. ಬಾಗಿಲಿಗೆ ಬರೋ ದಾಸಯ್ಯನ ಜೋಳಿಗೇಲಿ. ಮನೆ ಮನೆ ಅಕ್ಕಿ. ಆ ಜೋಳಿಗೆಗೆ ನಾನು ಹಾಕಿದೀನಿ, ನಮ್ಮಮ್ಮ ಹಾಕಿದಾಳೆ. ಅದ್ರಿಂದ ತೆಗೆದು ಯಾವತ್ತೂ ಉಂಡಿಲ್ಲ. ಬೆಂಕಿಪೊಟ್ಟಣ ತರೋಕೆ ಹೋದ್ರೆ ಆ ಶೀನಣ್ಣ ಕೇಳ್ತಾನೆ, 'ಏನ್ ದ್ರೌಪದಮ್ಮ, ಚರ್ಚ್ ಅಕ್ಕಿ ಬಂತಂತೆ? ಇನ್ನು ಹೆಸರು ಯಾವುದು, ಮೇರಿಯಮ್ಮನಾ?' ಅಂತ. ಅವನು ಬೊಗಳಿದ್ರೆ ಬೊಗಳಲಿ. ನೀನು ನನ್ನ ಎದುರಿಗೆ ನಿಂತು ಸುಳ್ಳು ಹೇಳಿದೆಯಲ್ಲ! ಹೊಸ ಅಕ್ಕಿ ಅಂದೆ. ನಾನು ಅವರಿಗೂ ಹೊಸ ಅಕ್ಕಿ ಅಂತ ಹೇಳಿ ಉಣ್ಣಿಸಿದೆ."

ಚೀಲವನ್ನು ಹೊಸ್ತಿಲ ಮೇಲಿಟ್ಟು, ಮೊರದಲ್ಲಿದ್ದದ್ದನ್ನೂ ಅದಕ್ಕೇ ಸುರಿದು ಹೋದಳು. ನಾಲ್ಕು ಗುಡ್ಡೆಗಳು ಮತ್ತೆ ಒಂದಾದವು.

ದಯಾಮಣಿ ಹೊಸ್ತಿಲಲ್ಲೇ ಕೂತು ತಟ್ಟೆಯ ಅನ್ನವನ್ನೆಲ್ಲ ತಿಂದಳು. ಎಸೆಯಲು ಮನಸ್ಸಿರಲಿಲ್ಲ. ತಿನ್ನುತ್ತಾ ತಿನ್ನುತ್ತಾ, ಅನ್ನದಲ್ಲಿ ಏನು ಕೆಟ್ಟಿದೆ ಅಂತ ಹುಡುಕಿದಳು. ಹಲ್ಲಿಗೆ ಒಂದು ಗಟ್ಟಿ ಅಗುಳು ಸಿಗುವುದು, ನಾಲಿಗೆಗೆ ಒಂದು ಮೆತ್ತನೆಯದು ಅಂಟುವುದು. ಅದು ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದ ಅನ್ನ. ಅಪ್ಪ ಅಮ್ಮ ಇಲ್ಲದ ಅವಳು ಬೆಳೆದದ್ದು ತುಮಕೂರು ಕಡೆಯ ಒಂದು ಬೋರ್ಡಿಂಗಿನಲ್ಲಿ. ಅಲ್ಲಿ ಬೇಯುತ್ತಿದ್ದದ್ದು ಸುತ್ತಲ ಸಭೆಗಳಿಂದ ಬಂದ ಹಿಡಿ ಅಕ್ಕಿ. ಅನ್ನ ಅಂದರೆ ಹೀಗೇ ಇರುತ್ತದೆ ಅಂದುಕೊಂಡೇ ದೊಡ್ಡವಳಾದಳು. ಮದುವೆಯಾದ ಹೊಸತರಲ್ಲಿ ಅತ್ತೆ ಮನೆಯಲ್ಲಿ ಒಂದೇ ಸಮ ಬೆಂದ ಅನ್ನ ತಿಂದು, ಇದರಲ್ಲಿ ಏನೋ ಕಡಿಮೆಯಾಗಿದೆ ಅನಿಸಿತ್ತು. ಡ್ರಮ್ಮಿನ ಅಕ್ಕಿ ಕಲಬೆರಕೆ ಅಂತ ಅವಳ ಕಣ್ಣಿಗೆ ಬೀಳದೆ ಇದ್ದದ್ದು ಹೀಗೆ. ವಠಾರದ ಬೇರೆ ಯಾವ ಹೆಂಗಸಾಗಿದ್ದರೂ ಈ ಸುಳ್ಳು ಹೇಳುವ ಮುಂಚೆ ಚೀಲದೊಳಗೆ ಒಂದು ಸಲ ಇಣುಕುತ್ತಿದ್ದಳು.

ಸಂಜೆ ಸತ್ಯಪಾಲನಿಗೆ ಎಲ್ಲ ಹೇಳಿದಳು. ಅವನು ಬೆರಳಿನ ಮಸಿ ಉಜ್ಜುತ್ತಾ ಕೇಳಿಸಿಕೊಂಡ.

"ಅಲ್ಲ ಕಣೇ, ನನಗೆ ಅಣ್ಣನೇ ಇಲ್ಲ. ಗದ್ದೆ ಎಲ್ಲಿಂದ ತಂದೆ?"

"ಬಾಯಿಗೆ ಬಂತು."

"ಬಂದಿದ್ದು ಬಂತು, ಒಂದು ತೋಟಾನೂ ಸೇರಿಸಬಾರದಿತ್ತಾ? ತೆಂಗಿನಕಾಯಿ ಆದ್ರೂ ಒಂದೇ ಥರ ಇರೋದು." ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಿದ. "ನೋಡು, ಅಕ್ಕಿ ಕೊಟ್ಟಿದ್ದು ಸರಿ. ಜೊತೆಗೆ ಇಲ್ಲದ ಗದ್ದೆ ಕೊಟ್ಟೆಯಲ್ಲ, ಅದನ್ನ ವಾಪಸ್ ತಗೊ. ನಮ್ಮ ಅಂಗಡೀಲಿ ವರನ ಹೆಸರು ತಪ್ಪು ಬಿದ್ರೆ ಮೇಲೆ ಚೀಟಿ ಅಂಟಿಸಲ್ಲ. ಮತ್ತೆ ಹೊಸದಾಗೇ ಅಚ್ಚು ಹಾಕ್ತೀವಿ."

ನಾಲ್ಕೈದು ದಿನ ಅವಳಿಗೆ ಧೈರ್ಯ ಬರಲಿಲ್ಲ. ದ್ರೌಪದಮ್ಮ ನಲ್ಲಿಗೆ ಬರುವ ಹೊತ್ತು ಬದಲಾಯಿಸಿಕೊಂಡಳು. ಎದುರು ಸಿಕ್ಕರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಹೋಗುತ್ತಿದ್ದಳು. ಚಪ್ಪಡಿಯ ಮೇಲೆ ಮತ್ತೆ ಬಿಳಿ ಗೆರೆ ಇರಲಿಲ್ಲ. ಅಕ್ಕಿ ಚೀಲ ದಯಾಮಣಿಯ ಮನೆಯ ಮೊಳೆಗೆ ನೇತುಬಿದ್ದಿತ್ತು. ಡ್ರಮ್ಮಿಗೆ ವಾಪಸ್ ಹಾಕಲು ಅವಳಿಗೆ ಕೈ ಬರಲಿಲ್ಲ. ಎದುರು ಮನೆಯ ಕೆಮ್ಮು ಕೇಳಿಸುತ್ತಿತ್ತು. ಮುನಿನಾರಾಯಣಪ್ಪನ ತಮಾಷೆ ಕೇಳಿಸುತ್ತಿರಲಿಲ್ಲ.

ಅದೇ ಅವಳನ್ನು ಎಬ್ಬಿಸಿತು. ಒಂದು ಮಧ್ಯಾಹ್ನ ಚೀಲ ತೆಗೆದುಕೊಂಡು ಹೋಗಿ, ಕರೆಯದೆ, ಎದುರು ಮನೆಯ ಹೊಸ್ತಿಲ ಒಳಗೆ ಕೂತಳು. ದ್ರೌಪದಮ್ಮ ಗಂಡನ ಬೆನ್ನಿಗೆ ಪೌಡರ್ ಹಾಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ನಮ್ಮ ಮನೆಯವರಿಗೆ ಅಣ್ಣ ಇಲ್ಲ ಅಕ್ಕ. ಗದ್ದೆನೂ ಇಲ್ಲ. ಇದು ಚರ್ಚಿನ ಅಕ್ಕಿ."

"ಅದು ಗೊತ್ತಾಯ್ತಲ್ಲ."

"ನೀವು ಅಲ್ಲಿಗೆ ಬರಬೇಕು ಅಂದ್ರು. ಬೆಂಚಿನ ಮೇಲೆ ಕೂರಿಸ್ತಾರೆ, ಪ್ರಾರ್ಥನೆ ಮಾಡ್ತಾರೆ, ಹೆಸರು ಕರೀತಾರೆ. ಅವರು ಕೆಟ್ಟೋರಲ್ಲ. ಪ್ರಾರ್ಥನೆನೂ ಕೆಟ್ಟದ್ದಲ್ಲ. ಆದ್ರೆ ಹಸಿದೋರು ಕೇಳೋ ಪ್ರಾರ್ಥನೆ ತುಂಬ ಉದ್ದ ಇರುತ್ತೆ ಅಕ್ಕ. ನಾನು ಕೇಳಿದೀನಿ."

ದ್ರೌಪದಮ್ಮನ ಕೈ ನಿಂತಿತು.

"ಬೋರ್ಡಿಂಗಲ್ಲಿ ಅಕ್ಕಿ ಬಂದ ದಿನ ನಮ್ಮನ್ನ ಸಾಲಾಗಿ ನಿಲ್ಲಿಸೋರು. ಇಂಥ ಊರಿನೋರು ಕೊಟ್ರು, ಹೇಳಿ ವಂದನೆ, ಅನ್ನೋರು. ನಾವು ಹೇಳೋದು. ನಾನು ಮೆಲ್ಲಗೆ ಹೇಳಿದೆ ಅಂತ ಒಂದು ಸಲ ಮುಂದೆ ಕರೆದು ಒಬ್ಬಳನ್ನೇ ಹೇಳಿಸಿದ್ರು. ಆವತ್ತು ಅನ್ನ ಗಂಟಲಲ್ಲಿ ಇಳಿಲಿಲ್ಲ. ಅನ್ನ ಮಾತ್ರ ಚೆನ್ನಾಗೇ ಇತ್ತು. ಅದೇ ಅನ್ನ, ನೀವು ಆವತ್ತು ತಟ್ಟೇಲಿ ತಂದ್ರಲ್ಲ, ಅದೇ. ನಿಮ್ಮನ್ನ ಹಾಗೆ ನಿಲ್ಲಿಸಬಾರದು ಅಂತ ಸುಳ್ಳು ಹೇಳಿದೆ. ನಾಲ್ಕು ಥರ ಇದೆ ಅಂತ ನನಗೆ ಕಾಣಲೇ ಇಲ್ಲ. ಅಕ್ಕಿ ಅಂದ್ರೆ ನನಗೆ ಅದೇ."

ಮಂಚದಿಂದ ಮುನಿನಾರಾಯಣಪ್ಪನ ಧ್ವನಿ ಬಂತು, ತೆಳ್ಳಗೆ. "ಏನೇ, ಇನ್ನೂ ವಿಚಾರಣೆ ನಡೀತಿದೆಯಾ? ನನಗೆ ಬೇಕಾದ್ರೆ ಪೀಟರಪ್ಪ ಅಂತ ಹೆಸರಿಡಿ. ಮೊದಲು ಅನ್ನ ಹಾಕಿ."

"ಸುಮ್ನಿರಿ ನೀವು," ಅಂದಳು ದ್ರೌಪದಮ್ಮ. ಕೈಯ ಪೌಡರ್ ಸೀರೆಗೆ ಒರೆಸಿಕೊಂಡು ಬಂದು ದಯಾಮಣಿಯ ಎದುರು ಕೂತಳು. ಚೀಲದ ಬಾಯಿ ಬಿಚ್ಚಿದಳು. "ಈ ಕುಚ್ಚಲಕ್ಕಿ ಯಾರದು?"

"ಪ್ರೇಮಲೀಲಾ ಟೀಚರ್‌ದು. ಅವರ ಮನೇಲಿ ಅದೇ ಉಣ್ಣೋದು."

"ಸೋನಾ ಮಸೂರಿ?"

"ಬ್ಯಾಂಕಿನೋರದು ಇರಬೇಕು. ನಿಮ್ಮ ಕುಂಬಳಕಾಯಿ ಹಿಡಿಯೋರು."

"ನಿಂದು ಯಾವುದು?"

ದಯಾಮಣಿ ಬಗ್ಗಿ ನೋಡಿದಳು. ಬೆರಳಲ್ಲಿ ಕೆದಕಿದಳು. "ಗೊತ್ತಾಗಲ್ಲ ಅಕ್ಕ."

"ಈ ರೇಷನ್ ಅಕ್ಕಿ?"

"ಅದು ಶಾಂತಮ್ಮಂದು. ಆಸ್ಪತ್ರೇಲಿ ಕಸ ಗುಡಿಸ್ತಾಳಲ್ಲ, ಕಾಲು ಊದಿಕೊಂಡಿರುತ್ತೆ, ಅವಳು."

"ಅವಳಿಗೆ ಯಾರು ಕೊಡ್ತಾರೆ?"

"ನಾವೇ. ಶನಿವಾರ ಬಂದು ತಗೊಂಡು ಹೋಗ್ತಾಳೆ."

ದ್ರೌಪದಮ್ಮ ತಲೆ ಎತ್ತಿದಳು. "ತಗೊಳ್ಳೋಳೂ ಹಾಕ್ತಾಳಾ?"

"ಹಾಕ್ತಾಳೆ. ಅವಳಿಗೂ ಮನೇಲಿ ಒಂದು ಡಬ್ಬಿ ಇದೆ. ಹಿಡಿ ತೆಗೆಯೋದು ಯಾರೂ ಬಿಡಲ್ಲ."

"ಹಂಗಾದ್ರೆ ಇದು ಜೋಳಿಗೆ ಅಲ್ಲ," ಅಂದಳು ದ್ರೌಪದಮ್ಮ. ತನಗೇ ಹೇಳಿಕೊಂಡ ಹಾಗೆ ಹೇಳಿದಳು. "ದಾಸಯ್ಯ ತಗೊಂಡ ಜೋಳಿಗೆಗೇ ಮತ್ತೆ ಹಾಕಲ್ಲ."

ಎದ್ದು ಒಳಗೆ ಹೋಗಿ ಪಾತ್ರೆ ತಂದಳು. ಚೀಲದ ಅಕ್ಕಿಯನ್ನು ಅದಕ್ಕೆ ಸುರಿದಳು. "ಇದನ್ನ ಅನ್ನ ಮಾಡಿದ್ದೇ ತಪ್ಪು. ಉದ್ದಿನಬೇಳೆ ಸ್ವಲ್ಪ ಇದೆ. ಇವತ್ತು ನೆನೆಹಾಕಿ ರುಬ್ಬಿಟ್ರೆ ಯಾವುದು ಕುಚ್ಚಲು, ಯಾವುದು ರೇಷನ್ನು ಅಂತ ಹೇಳಲಿ ನೋಡೋಣ ಯಾವನಾದ್ರೂ."

"ದೋಸೆ!" ಅಂದ ಮುನಿನಾರಾಯಣಪ್ಪ. ಹೇಳಿದ ಮೇಲೆ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಭುಜ ಅಲ್ಲಾಡಿತು. ಹೆಂಗಸರಿಬ್ಬರೂ ನೋಡದವರ ಹಾಗೆ ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದರು.

"ಖಾಲಿ ಚೀಲ ತಗೊಂಡು ಹೋಗಬೇಡ, ನಿಲ್ಲು," ಅಂದಳು ದ್ರೌಪದಮ್ಮ.

ಪಾತ್ರೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಅದು ದಯಾಮಣಿಯ ಹಿಡಿಗಿಂತ ದೊಡ್ಡದು. ವರ್ಷಾನುಗಟ್ಟಲೆ ಕೊತ್ತಂಬರಿ ಕಂತೆ, ಬದನೆಕಾಯಿ ಎತ್ತಿ ಅಗಲವಾದ ಕೈ. ಒಂದು ಕಾಳೂ ಕೆಳಗೆ ಬೀಳದ ಹಾಗೆ ಅದನ್ನು ಚೀಲಕ್ಕೆ ಹಾಕಿ ಬಾಯಿ ಸುತ್ತಿದಳು.

"ಇದೇನಕ್ಕ?"

"ಕೊಸರು. ನಿನ್ನ ಡಬ್ಬಿಗೆ ಹಾಕು."

"ಅಕ್ಕ, ಅದೇ ಅಕ್ಕಿ ತಾನೇ? ಅಲ್ಲಿಂದ ತಂದಿದ್ದೇ ಅಲ್ಲಿಗೆ..."

"ಅಲ್ಲ." ದ್ರೌಪದಮ್ಮ ಚೀಲವನ್ನು ಅವಳ ಮಡಿಲಿಗೆ ಇಟ್ಟಳು. "ಆಗ ಅದು ಅವರ ಅಕ್ಕಿ. ಈಗ ನಂದು. ನಂದು ಅಂತ ಆಗದೆ ನಾನು ಕೊಡೋದು ಹೆಂಗೆ? ಮುಂದಿನ ತಿಂಗಳೂ ತಾ. ಕರೆಂಟಿದ್ದಾಗ ತಾ, ಶೀನಣ್ಣನ ಅಂಗಡಿ ಮುಂದೇನೇ ತಾ. ಅವರು ಎದ್ದು ಗಾಡಿ ತಳ್ಳೋ ತನಕ ತಗೋತೀನಿ. ಪ್ರತಿ ಸಲ ಒಂದು ಹಿಡಿ ನಂದು ವಾಪಸ್ ಹೋಗ್ಬೇಕು. ಒಪ್ಪಿಗೆನಾ?"

ದಯಾಮಣಿ ತಲೆಯಾಡಿಸಿದಳು. ಚೀಲ ಹಿಡಿದು ಎದ್ದಳು. ಮನೆಗೆ ಬಂದು ಹಿಡಿ ಅಕ್ಕಿ ಹಾಕಿಡುವ ಹಾಲಿನ ಪುಡಿಯ ಹಳೇ ಡಬ್ಬಿ ತೆಗೆದು ಆ ಹಿಡಿಯನ್ನು ಹಾಕಿದಳು. ತನ್ನ ಅಕ್ಕಿಯ ಮೇಲೆ ಕೆಂಪು ಕಾಳು, ದಪ್ಪ ಕಾಳು ಬಿದ್ದವು. ಈ ಸಲ ಅವಳಿಗೆ ಬೇರೆ ಬೇರೆಯಾಗಿಯೇ ಕಂಡವು. ಡಬ್ಬಿ ಒಂದು ಸಲ ಅಲ್ಲಾಡಿಸಿ ಮುಚ್ಚಿದಳು.

ಮೊದಲ ಭಾನುವಾರ ಪ್ರೇಮಲೀಲಾ ಟೀಚರ್ ಡ್ರಮ್ಮಿನ ಪಕ್ಕ ನಿಂತಿದ್ದರು. ದಯಾಮಣಿ ಡಬ್ಬಿ ಸುರಿದಾಗ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದೇನು, ನಿನ್ನ ಡಬ್ಬೀಲಿ ಕುಚ್ಚಲಕ್ಕಿ? ಯಾವಾಗಿಂದ?"

"ಎದುರು ಮನೆ ಅಕ್ಕ ಕೊಟ್ಟಿದ್ದು ಟೀಚರ್."

ಟೀಚರ್ ಒಂದು ಕೆಂಪು ಕಾಳನ್ನು ಎತ್ತಿ ಬೆಳಕಿಗೆ ಹಿಡಿದರು. ತಮ್ಮ ಮನೆಯ ಕಾಳನ್ನು ಅವರು ಗುರುತು ಹಿಡಿದರೋ ಇಲ್ಲವೋ, ಹೇಳಲಿಲ್ಲ. ಅದನ್ನು ಡ್ರಮ್ಮಿಗೇ ಹಾಕಿ, "ಮುಂದಿನ ಸಲ ಚೀಲ ಸ್ವಲ್ಪ ದೊಡ್ಡದು ತಗೊಂಡು ಬಾ," ಅಂದು ಹೊರಗೆ ಹೋದರು. ದಯಾಮಣಿ ಚೀಲ ತುಂಬಿಸಿಕೊಂಡು, ಹಗಲಲ್ಲೇ, ಶೀನಣ್ಣನ ಅಂಗಡಿ ಮುಂದೆಯೇ ಬಂದು ಎದುರು ಮನೆಗೆ ಕೊಟ್ಟಳು.

ಮಾರನೇ ಬೆಳಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ದಯಾಮಣಿ ಕೊಡ ಹಿಡಿದು ಹೊರಗೆ ಬಂದಳು. ಕರಿಬೇವಿನ ಡಬ್ಬದ ತೂತಿನಿಂದ ಬೆಳ್ಳಗೆ ನೀರು ಇಳಿದು ಚಪ್ಪಡಿಯ ಮೇಲೆ ಹರಿಯುತ್ತಿತ್ತು. ದ್ರೌಪದಮ್ಮ ಆಗಲೇ ನಲ್ಲಿಯ ಹತ್ತಿರ ನಿಂತು, ವಠಾರದ ಉಳಿದ ಹೆಂಗಸರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಕೂಗಿದಳು.

"ಏನೇ ದಯಾ, ಗುಬ್ಬೀಲಿ ನಿಮ್ಮ ಭಾವನ ಗದ್ದೆಗೆ ಮಳೆ ಹೆಂಗಿದೆಯಂತೆ?"

ಸತ್ಯಪಾಲ ಒಳಗೆ ಹಲ್ಲುಜ್ಜುತ್ತಿದ್ದವನು ಕೆಮ್ಮಿಕೊಂಡ. ದಯಾಮಣಿ ಕೊಡವನ್ನು ದ್ರೌಪದಮ್ಮನ ಕೊಡದ ಹಿಂದೆ ಇಟ್ಟಳು.

"ಚೆನ್ನಾಗಿದೆಯಂತೆ ಅಕ್ಕ," ಅಂದಳು. "ಈ ಸಲ ಐದನೇ ಥರದ್ದೂ ಬಿತ್ತಿದ್ದಾರಂತೆ, ಕೊಸರಿನದ್ದು."